ಬರೀ ಹುಷಾರು ಅಂದರೆ ಸಾಕಾ?

ಅಕ್ಕನ ಮಗ ಬಾಡಿಗೆ ಕಾರು ತಗೊಂಡು ಅಡಿಲೇಡ್‌ನಿಂದ ಪರ್ತ್‌ಗೆ ಒಬ್ಬನೇ ಹೊರಟ. ಸುಮಾರು 2,700 ಕಿಲೋಮೀಟರ್. "ಮಾಮ, ಇಲ್ಲೂ ಎಡಗಡೆನೇ ಓಡಿಸೋದು, ಟ್ರಾಫಿಕ್ಕೂ ಇಲ್ಲ, ಇನ್ನೇನು ಭಯ?" ಅಂತ ಫೋನಿನಲ್ಲೇ ನನ್ನ ಬಾಯಿ ಮುಚ್ಚಿಸಿದ. ಮೆಲ್ಬರ್ನ್‌ನಲ್ಲಿ ಕೂತ ನಾನು ನೀರಿನ ಮಾತು ತೆಗೆಯುವಷ್ಟರಲ್ಲಿ ಹಾಸನದಿಂದ ಅಕ್ಕ, ಭಾವ, ಅಮ್ಮ ಎಲ್ಲರೂ ಲೈನಿಗೆ ಬಂದರು. ಹೋಗಲೇಬೇಕಾ? ಹುಷಾರು ಕಣೋ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಡು. ಮುಕ್ಕಾಲು ಗಂಟೆ ಇಷ್ಟೇ.

ಮಿಕ್ಕ ನಿಂಬೆಹಣ್ಣನ್ನು ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಇಳಿಸಿಕೊಂಡರು. ಅಲ್ಲಿ ಹಣ್ಣು, ತರಕಾರಿ, ಜೇನು ಯಾವುದನ್ನೂ ಒಳಗೆ ಬಿಡುವುದಿಲ್ಲ. ತಪಾಸಣೆಯ ಹೆಂಗಸು ಡಿಕ್ಕಿ ನೋಡಿ, ನೀರೆಷ್ಟಿದೆ ಅಂತ ಕೇಳಿದಳಂತೆ. ಇವನು ಒಂದು ಲೀಟರ್ ಬಾಟಲಿ ತೋರಿಸಿದ. ಅವಳು ಬೈಯಲಿಲ್ಲ. ಅಪ್ಪ ಅಮ್ಮ ಹೇಗೆ ಕಳಿಸಿದರು ಅಂತಲೂ ಕೇಳಲಿಲ್ಲ. ಕ್ಯಾನ್‌ನಲ್ಲಿ ನೀರು ತುಂಬಿಸಿಕೋ, ಸಂಜೆಯಾದ ಮೇಲೆ ಓಡಿಸಬೇಡ, ಕಾರು ಕೆಟ್ಟರೆ ಅದರ ಹತ್ತಿರವೇ ಇರು, ನಡೆದು ಹೋಗಬೇಡ ಅಂದಳು. ಅಷ್ಟೇ. ನನಗೆ ನಾಟಿದ್ದು ಇದು. ನಮ್ಮವರ ಮುಕ್ಕಾಲು ಗಂಟೆಯಲ್ಲಿ ಕೆಲಸಕ್ಕೆ ಬರುವ ಮಾತು ಒಂದೂ ಇರಲಿಲ್ಲ.

ನಮ್ಮಲ್ಲಿ ಹುಡುಗರನ್ನು ತಡೆಯುತ್ತಾರೆ, ತಯಾರು ಮಾಡುವುದಿಲ್ಲ. ಮನೆಯಲ್ಲಿ ಗೋವಾಗೆ ಅಂದರೆ ಬೇಡ ಅಂತಾರೆ. ಅದಕ್ಕೇ ಅವರು ಧರ್ಮಸ್ಥಳ ಅಂತ ಹೇಳಿ ಗೋವಾಗೆ ಹೋಗುತ್ತಾರೆ. ಟೈರ್ ಬದಲಾಯಿಸಲು ಹೇಳಿಕೊಟ್ಟ ಅಪ್ಪ ನಮ್ಮ ಬೀದಿಯಲ್ಲಿ ಯಾರಿದ್ದರು?

ಈ ರಸ್ತೆಯಲ್ಲಿ ಅದು ಬೇಕೇ ಬೇಕು. ನಲ್ಲರ್‌ಬಾರ್ ಬಯಲಿನ ಒಂದು ಕಡೆ 146.6 ಕಿಲೋಮೀಟರ್ ತಿರುವೇ ಇಲ್ಲ, ಹೆಚ್ಚುಕಡಿಮೆ ಬೆಂಗಳೂರಿಂದ ಮೈಸೂರಿನಷ್ಟು. ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲ. ಕತ್ತಲಾಗುತ್ತಲೇ ಕಾಂಗರೂಗಳು ಮೇಯಲು ಹೊರಡುತ್ತವೆ, ದೀಪದ ಬೆಳಕಿಗೆ ಕಂಗಾಲಾಗಿ ಕಾರಿನ ಮುಂದೆಯೇ ನೆಗೆಯುತ್ತವೆ.

ನಮ್ಮ ಹುಡುಗ ನೀರೇನೋ ತುಂಬಿಸಿಕೊಂಡ. ಆದರೆ ಕತ್ತಲಲ್ಲೂ ಓಡಿಸಿದ. ಮಡೂರ ಅನ್ನುವ ಜಾಗ ದಾಟಿದ ಮೇಲೆ ಕಾಂಗರೂ ಬಡಿದು ರೇಡಿಯೇಟರ್ ಒಡೆಯಿತು. ಪೆಟ್ರೋಲ್, ಊಟ, ರೂಮು ಸಿಗುವ ಮುಂದಿನ ರೋಡ್‌ಹೌಸ್ ಅಲ್ಲೆಲ್ಲೋ. ಕಾರಲ್ಲೇ ಕೂತ. ಆಮೇಲೆ ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ, ರೇಡಿಯೋದಲ್ಲಿ ಸುದ್ದಿ ಮುಟ್ಟಿಸಿ, ಹತ್ತಿಸಿಕೊಂಡು ಹೋದ. ಅವನೂ ಉಪದೇಶ ಮಾಡಲಿಲ್ಲ.

ಒಂದು ಮಾತು ಮಾತ್ರ ಇಷ್ಟವಿಲ್ಲದಿದ್ದರೂ ಹೇಳಬೇಕು. ಅವತ್ತು ರಾತ್ರಿ ಫೋನ್ ಬರಲಿಲ್ಲ ಅಂತ ಮೊದಲು ಗಾಬರಿಯಾದವಳು ಅಕ್ಕ. ಅವಳು ಜೀವ ತಿಂದಿದ್ದಕ್ಕೇ ನಾನು ಒಂದೊಂದೇ ರೋಡ್‌ಹೌಸ್‌ಗೆ ಫೋನ್ ಮಾಡಿದ್ದು, ಅವನು ಸಿಕ್ಕಿದ್ದು. ಯಾವಾಗ ಎಲ್ಲಿ ತಲುಪುತ್ತೀರಿ ಅಂತ ಮನೆಯವರಿಗೆ ತಿಳಿಸಿಡಿ ಅಂತ ಇಲ್ಲಿನವರೂ ಹೇಳುತ್ತಾರೆ. ಅಕ್ಕ ಅದನ್ನು ಯಾರೂ ಹೇಳದೆ ಮಾಡುತ್ತಾಳೆ. ಇನ್ನು ಶಿರಾಡಿ ಘಾಟಿಯಲ್ಲಿ ಕಾರು ಕೆಟ್ಟಿದ್ದರೆ ಹತ್ತು ಜನ ಸೇರಿ ತಳ್ಳುತ್ತಿದ್ದರು, ಚಹಾ ಕೊಡಿಸುತ್ತಿದ್ದರು, ದುಡ್ಡು ಕೇಳುತ್ತಿರಲಿಲ್ಲ. ಇಲ್ಲಿ ಕಾರು ಎಳೆದುಕೊಂಡು ಹೋದ ಬಿಲ್ ಅವನ ವಿಮಾನದ ಟಿಕೆಟ್‌ಗಿಂತ ಜಾಸ್ತಿಯಾಯಿತು. ರಾತ್ರಿ ಓಡಿಸಿದ್ದಕ್ಕೆ ಇನ್ಶೂರೆನ್ಸೂ ಇಲ್ಲ. ಭಾವ ದುಡ್ಡು ಕಳಿಸಿದರು, "ನಾನು ಮೊದಲೇ ಬೇಡ ಅಂದಿರ್ಲಿಲ್ವಾ" ಅಂತ ಮೆಸೇಜಿನ ಜೊತೆಗೆ.