ಹುಲ್ಲಿಗೆ ಬಿಡುವು ಕೊಡೋಕೆ ನೆಲ ಎಲ್ಲಿದೆ?

ಇಂಡಿ ಕಡೆ ಒಂದು ರೈತರ ಸಭೆಗೆ ಹೋಗಿ ಈಗಷ್ಟೇ ಬಂದೆ. ತಲೆ ಇನ್ನೂ ಬಿಸಿ ಇದೆ. ಬೆಂಗಳೂರಿನಿಂದ ಬಂದ ಸಾಹೇಬರೊಬ್ಬರು ಜಿಂಬಾಬ್ವೆಯ ಪರಿಸರತಜ್ಞ ಅಲನ್ ಸೇವರಿಯ 2013ರ ಭಾಷಣದ ತುಣುಕು ತೋರಿಸಿದರು. ದನಗಳನ್ನ ಸರಿಯಾಗಿ ಮೇಯಿಸಿದರೆ ಸಾಕಂತೆ, ಗಾಳಿಯ ಇಂಗಾಲ ಮಣ್ಣಿಗೆ ಇಳಿಯುತ್ತಂತೆ, ಹಾಗೆ ಹಿಡಿದಿಟ್ಟ ಇಂಗಾಲಕ್ಕೆ ಕಾರ್ಬನ್ ಕ್ರೆಡಿಟ್ ಅಂತ ದುಡ್ಡೂ ಬರುತ್ತಂತೆ. ಜೋರು ಚಪ್ಪಾಳೆ. ಹಿಂದೆ ಕೂತಿದ್ದ ದನ ಕಾಯುವ ಅಜ್ಜ ಎದ್ದು ಕೇಳಿದ: "ಸಾಹೇಬ್ರ, ಎಲ್ಲಿ ಮೇಯಸೂನ್ರಿ? ಗಾಯರಾಣ ಅರ್ಧಾ ಪ್ಲಾಟ್ ಆಗೇತಿ." ಗಾಯರಾಣ ಅಂದ್ರೆ ಊರ ದನ ಮೇಯೋಕೆ ಬಿಟ್ಟ ಗೋಮಾಳ. ಸಾಹೇಬರು ನಕ್ಕು ಮುಂದಿನ ಸ್ಲೈಡಿಗೆ ಹೋದರು.

ಅಲ್ರೀ, ಪ್ರಶ್ನೆ ಅದೇ ಅಲ್ವಾ?

ಹುಲ್ಲಿನ ಇಂಗಾಲ ಮಣ್ಣು ಸೇರೋದು ಜಾಸ್ತಿ ಬೇರಿನಿಂದ. ದನ ಒಮ್ಮೆ ಮೇದ ಮೇಲೆ ಹುಲ್ಲು ಮತ್ತೆ ಬೆಳೆಯೋವರೆಗೆ ಬಿಟ್ಟರೆ ಬೇರು ಉಳಿಯುತ್ತೆ. ಚಿಗುರಿದ ಹಾಗೆಲ್ಲ ಮೇಯಿಸಿದರೆ ಬೇರು ಸಾಯುತ್ತೆ, ನೆಲ ಬೋಳಾಗುತ್ತೆ, ಗೊರಸಿನ ತುಳಿತಕ್ಕೆ ಗಟ್ಟಿಯಾಗುತ್ತೆ. ಆಮೇಲೆ ಒಂದು ದೊಡ್ಡ ಮಳೆ ಸಾಕು, ಮೇಲ್ಮಣ್ಣೆಲ್ಲ ಹಳ್ಳಕ್ಕೆ.

ಊರಾಚೆ ಒಂದು ನೆಡುತೋಪಿಗೆ ತಂತಿ ಬೇಲಿ ಇದೆ. ಅಜ್ಜನ ಕುರ್ಪಿ ಇಸಿದುಕೊಂಡು ಎರಡೂ ಕಡೆ ಹುಲ್ಲು ಎಬ್ಬಿಸಿ ನೋಡಿದೆ. ಒಳಗಿನ ಬುಡ ಗೇಣುದ್ದ ಬೇರಿನ ಸಮೇತ ಮಣ್ಣಿನ ಹೆಂಟೆ ಹಿಡಿದುಕೊಂಡೇ ಬಂತು. ಹೊರಗಿನದರಲ್ಲಿ ಎರಡು ಬೆರಳು ಬೇರು, ಉಳಿದಿದ್ದೆಲ್ಲ ಧೂಳು.

"ಹಾಗಾದ್ರೆ ಎಲ್ಲ ಕಡೆ ಬೇಲಿ ಹಾಕಿ, ದನ ಮಾರಿಬಿಡಿ" ಅನ್ನೋ ಬುದ್ಧಿವಂತರೂ ಬರ್ತಾರೆ, ಗೊತ್ತು. ದನದ ತೇಗಿನಲ್ಲಿ ಬರೋ ಮೀಥೇನ್ ಅನಿಲದ ಲೆಕ್ಕ ಹಿಡಿದುಕೊಂಡು. ಲೆಕ್ಕ ಸುಳ್ಳಲ್ಲ. ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಬಿಸಿ ಮಾಡುತ್ತೆ. ಮಣ್ಣು ಇಂಗಾಲ ತುಂಬಿಕೊಳ್ಳೋಕೂ ಮಿತಿ ಇದೆ, ಬರ ಬಂದರೆ ಸೇರಿದ್ದೂ ಹೋಗಬಹುದು. ಆದರೆ ಸುಮ್ನೆ ಬೇಲಿ ಹಾಕಿ ಕೈ ತೊಳೆದುಕೊಂಡರೆ ಬಳ್ಳಾರಿ ಜಾಲಿ ಅನ್ನೋ ಮುಳ್ಳುಗಿಡ ನುಗ್ಗುತ್ತೆ, ಅದನ್ನ ಕಡಿಯೋರು ಯಾರು? ನಮ್ಮಂಥ ಬಿಸಿಲು ನಾಡಿನ ಹುಲ್ಲು ಹದವಾಗಿ ಮೇಯಿಸಿದರೆ ತಾಳಿಕೊಳ್ಳುತ್ತೆ. ಬಿಡುವಿಲ್ಲದೆ ಮೇಯಿಸಿದರೆ ಮಾತ್ರ ತಾಳಲ್ಲ.

ನನಗೇನು ದನದ ಮೇಲೆ ಸಿಟ್ಟಾ? ನಮ್ಮ ಖಿಲಾರಿ ಎತ್ತಿನ ಜೋಡಿ ಮಾರಿದ ದಿನ ಅಪ್ಪ ಊಟ ಮುಟ್ಟಲಿಲ್ಲ. ಸಿಟ್ಟಿರೋದು ಸ್ಲೈಡಿನ ಮೇಲೆ. ಬಿಡುವು ಕೊಡಬೇಕಂದ್ರೆ ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಖಾಲಿ ಇರಬೇಕು. ಇಡೀ ಊರಿನ ದನ ಒಂದೇ ಮಡ್ಡಿಯಲ್ಲಿ ನಿಂತಿರುವಾಗ ಯಾವ ಸೇವರಿ ಬಂದು ಏನು ಮಾಡ್ತಾನೆ?

ಕಾಮೆಂಟಿನಲ್ಲಿ ಗೋಮಾತೆ ಜಗಳ ಬೇಡ. ನಿಮ್ಮೂರ ಗಾಯರಾಣದ ಸರ್ವೆ ನಂಬರ್ ಗೊತ್ತಿದ್ದರೆ ಹಾಕಿ. ಅದರಲ್ಲಿ ಎಷ್ಟು ಎಕರೆ ಇನ್ನೂ ಹುಲ್ಲಿದೆ ಅಂತಾನೂ ಬರೀರಿ.