ಜಾವಾದ ಹಳ್ಳಿಯಲ್ಲಿ ಮನೆ, ಮದ್ದೂರಿನ ಪಹಣಿಯಲ್ಲಿ ಹೆಸರು

ಮದ್ದೂರು ತಾಲ್ಲೂಕಿನ ನಮ್ಮ ಊರಿನಲ್ಲಿರುವ ಎರಡು ಎಕರೆ ಹತ್ತು ಗುಂಟೆ ಗದ್ದೆಯ ಪಹಣಿಯಲ್ಲಿ ಅಣ್ಣನ ಹೆಸರಿನ ಜೊತೆಗೆ ನನ್ನ ಹೆಸರೂ ಇದೆ. ಆದರೆ ಆ ಗದ್ದೆಯ ಬದುವಿನ ಮೇಲೆ ನಾನು ನಡೆದಾಡುವುದು ಎರಡು ವರ್ಷಕ್ಕೊಮ್ಮೆ, ಅದೂ ಒಂದು ಸಂಜೆ ಮಾತ್ರ. ನಾನು ವಾಸವಾಗಿರುವುದು ಇಂಡೊನೇಷ್ಯಾದ ಮಧ್ಯ ಜಾವಾ ಪ್ರಾಂತ್ಯದಲ್ಲಿ, ಸೋಲೊ ಮತ್ತು ಯೋಗ್ಯಕರ್ತ ನಗರಗಳ ನಡುವೆ ಮೆರಾಪಿ ಜ್ವಾಲಾಮುಖಿಯ ತಪ್ಪಲಿನಲ್ಲಿ ಹರಡಿಕೊಂಡಿರುವ ಕ್ಲಾತೆನ್ ಜಿಲ್ಲೆಯ ಒಂದು ಸಣ್ಣ ಹಳ್ಳಿಯಲ್ಲಿ. ಅದು ನನ್ನ ಹೆಂಡತಿಯ ತವರು. ಸೋಲೊದ ಹತ್ತಿರದ ನೂಲಿನ ಗಿರಣಿಯೊಂದಕ್ಕೆ ಕೆಲಸಕ್ಕೆಂದು ಬಂದವನು ಮದುವೆಯಾಗಿ ಇಲ್ಲೇ ನೆಲೆನಿಂತೆ. ನಾನು ಮಲಗುವ ಮನೆಯ ಯಾವ ಕಾಗದದಲ್ಲೂ ನನ್ನ ಹೆಸರಿಲ್ಲ, ನಾನು ಭಾರತದ ಪ್ರಜೆಯಾಗಿರುವವರೆಗೆ ಬರುವಂತೆಯೂ ಇಲ್ಲ. ಈ ಎರಡು ಊರುಗಳಲ್ಲಿ ಭೂಮಿಯನ್ನೂ ನೆರೆಹೊರೆಯನ್ನೂ ಜನ ನಡೆಸಿಕೊಂಡು ಹೋಗುವ ರೀತಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗನಿಸಿದ್ದನ್ನು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಇಂಡೊನೇಷ್ಯಾದ ಮೂಲ ಭೂ ಕಾಯ್ದೆ 1960ರದು. ಅದರ 21ನೆಯ ವಿಧಿಯ ಪ್ರಕಾರ ಭೂಮಿಯ ಪೂರ್ಣ ಒಡೆತನ, ಅಂದರೆ ಇಲ್ಲಿನವರು 'ಹಕ್ ಮಿಲಿಕ್' ಎಂದು ಕರೆಯುವ ಹಕ್ಕು, ದೇಶದ ಪ್ರಜೆಗಳಿಗೆ ಮಾತ್ರ ಸಲ್ಲುತ್ತದೆ. ಆ ಮಾತು ಮೊದಲ ಸಲ ಕಿವಿಗೆ ಬಿದ್ದಾಗಲೇ ನನಗೆ ಅರ್ಥವಾಗಿತ್ತು, ಏಕೆಂದರೆ ನಮ್ಮ 'ಹಕ್ಕು' ಮತ್ತು 'ಮಾಲೀಕ' ಎಂಬ ಪದಗಳು ಅರಬ್ಬಿಯಿಂದ ಬಂದಂತೆಯೇ ಇವರವೂ ಬಂದಿವೆ. ಪರದೇಶದವರಿಗೆ ಸಿಗುವುದು 'ಹಕ್ ಪಕಾಯ್', ಅಂದರೆ ನಿಗದಿಯಾದ ವರ್ಷಗಳಿಗೆ ಬಳಸಿಕೊಳ್ಳುವ ಹಕ್ಕು ಮಾತ್ರ. ನಮ್ಮ ಮನೆಯ ನಿವೇಶನವನ್ನು ಮಾವನವರು ಮಗಳಿಗೆ ದಾನವಾಗಿ ಕೊಟ್ಟದ್ದರಿಂದ ಅದು ಅವಳ ಸ್ವಂತದ್ದಾಗಿಯೇ ಉಳಿಯಿತು. ತೊಡಕು ಬಂದದ್ದು ಪಕ್ಕದ ತುಂಡು ಜಾಗವನ್ನು ಕೊಳ್ಳಲು ಹೊರಟಾಗ. ಮದುವೆಯಾದ ಮೇಲೆ ಕೊಂಡ ಆಸ್ತಿ ಗಂಡಹೆಂಡಿರ ಜಂಟಿ ಸ್ವತ್ತಾಗುತ್ತದೆ. ಹಾಗಾದರೆ ಅದರಲ್ಲಿ ಪರದೇಶದವನಾದ ನನ್ನ ಪಾಲೂ ಸೇರಿಕೊಳ್ಳುತ್ತದೆ. ಆದ್ದರಿಂದ ಹೆಂಡತಿ ಈ ನೆಲದ ಪ್ರಜೆಯಾಗಿದ್ದರೂ ಅವಳ ಹೆಸರಿಗೆ ಪೂರ್ಣ ಒಡೆತನ ಬರೆದುಕೊಡಲು ಕ್ರಯಪತ್ರ ಮಾಡುವ ಅಧಿಕಾರಿ ಒಪ್ಪುವುದಿಲ್ಲ. ಮದುವೆಗೆ ಮುಂಚೆಯೇ ಆಸ್ತಿ ಬೇರ್ಪಡಿಸುವ ಒಪ್ಪಂದ ಮಾಡಿಕೊಳ್ಳಬೇಕೆಂಬ ತಿಳಿವಳಿಕೆ ನಮಗಿಬ್ಬರಿಗೂ ಇರಲಿಲ್ಲ. 2016ರ ಅಕ್ಟೋಬರಿನಲ್ಲಿ ಇಲ್ಲಿನ ಸಾಂವಿಧಾನಿಕ ನ್ಯಾಯಾಲಯವು ಅಂಥ ಒಪ್ಪಂದವನ್ನು ಮದುವೆಯ ನಂತರವೂ ಮಾಡಿಕೊಳ್ಳಬಹುದೆಂದು ತೀರ್ಪು ಕೊಟ್ಟದ್ದರಿಂದ ನಮ್ಮ ಕೆಲಸ ಆಯಿತು. ಈ ಜಾಗದಲ್ಲಿ ನನಗೆ ಯಾವ ಪಾಲೂ ಇಲ್ಲವೆಂದು ನಾನು ನೋಟರಿಯ ಎದುರು ಸಹಿ ಹಾಕಿದ ದಿನ ಮನಸ್ಸಿಗೆ ನೋವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಇಂದು ಅದೇ ಕಾನೂನು ಸರಿ ಎಂದು ನಾನು ನಂಬಿದ್ದೇನೆ. ಹೊರಗಿನ ಹಣ ನುಗ್ಗಿದ ಕಡೆ ಊರಿನವನ ಉಳಿತಾಯದಿಂದ ಕೊಳ್ಳಬಹುದಾದ ಗದ್ದೆ ಉಳಿಯುವುದಿಲ್ಲ. ಬಾಲಿಯಲ್ಲಿ ಕಾನೂನನ್ನು ತಪ್ಪಿಸಲು ಸ್ಥಳೀಯರೊಬ್ಬರ ಹೆಸರಿನಲ್ಲಿ ಜಾಗ ಕೊಳ್ಳುವ ಪರದೇಶಿಯರಿದ್ದಾರೆ. ಇಂಥ ವ್ಯವಹಾರ ಅಸಿಂಧು, ಭೂಮಿ ಸರ್ಕಾರಕ್ಕೆ ಸೇರುತ್ತದೆ ಎಂದು ಅದೇ ಕಾಯ್ದೆಯ 26ನೆಯ ವಿಧಿ ಹೇಳಿದರೂ ಆ ದಂಧೆ ನಿಂತಿಲ್ಲ. ನಮ್ಮಲ್ಲಿ ನೋಡಿದರೆ, ವ್ಯವಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಕಳೆದ ಸಲ ಊರಿಗೆ ಹೋದಾಗ, ನಾನು ಚಿಕ್ಕವನಾಗಿದ್ದಾಗ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿಯ ಎರಡು ಬದಿಗೂ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು. ಅದು ಯಾರ ಹೊಲವೆಂದು ಕೇಳಿದರೆ ಅಣ್ಣ, "ಬೆಂಗ್ಳೂರೋರು ಯಾರೋ ತಗೊಂಡವ್ರೆ ಕಣಪ್ಪ, ಮುಖ ನೋಡ್ದೋರಿಲ್ಲ" ಎಂದ. 1974ರಲ್ಲಿ 'ಉಳುವವನೇ ಹೊಲದೊಡೆಯ' ಎಂದು ಕಾನೂನು ಮಾಡಿ ಗೇಣಿದಾರರಿಗೆ ಭೂಮಿ ಕೊಡಿಸಿದ ನಾಡಿನಲ್ಲಿ, ಹೊಲದ ಒಡೆಯನ ಮುಖವನ್ನೇ ಊರು ಕಾಣದಂಥ ಸ್ಥಿತಿ ಬಂದದ್ದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಜಾವಾದ ಭೂಮಿಯ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು 'ಬೆಂಗ್ಕೊಕ್' ಎಂಬ ಪದ್ಧತಿ. ಹಳ್ಳಿಯ ಮುಖ್ಯಸ್ಥನಾದ ಲುರಾಹ್, ಕಾಗದಪತ್ರ ನೋಡುವ ಚಾರಿಕ್, ಮದುವೆ ಮತ್ತು ಮಣ್ಣಿನ ಕಾರ್ಯ ನಡೆಸಿಕೊಡುವ ಮೋದಿನ್, ಕಾಲುವೆಯ ನೀರು ಹಂಚುವ ಉಲು-ಉಲು, ಇವರಿಗೆಲ್ಲ ಊರಿನ ಸಾಮೂಹಿಕ ಗದ್ದೆಯಲ್ಲಿ ಒಂದೊಂದು ಭಾಗವನ್ನು ಅಧಿಕಾರದಲ್ಲಿ ಇರುವಷ್ಟು ಕಾಲ ಸಾಗುವಳಿಗೆ ಬಿಟ್ಟುಕೊಡುತ್ತಾರೆ. ಕೆಲಸ ಬಿಟ್ಟ ದಿನ ಗದ್ದೆಯನ್ನು ಊರಿಗೆ ಹಿಂತಿರುಗಿಸಬೇಕು. ಮಂಡ್ಯದ ಕಡೆಯವನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಶಾನುಭೋಗ, ಪಟೇಲ, ತೋಟಿ, ತಳವಾರ, ನೀರಗಂಟಿ ಮುಂತಾದವರಿಗೆ ನಮ್ಮಲ್ಲಿದ್ದ ಉಂಬಳಿಯೂ ಹೆಚ್ಚುಕಡಿಮೆ ಇಂಥದ್ದೇ. ನಮ್ಮ ಪದ್ಧತಿ ವಂಶಪಾರಂಪರ್ಯವಾಗಿ ಜಾತಿಗೆ ಅಂಟಿಕೊಂಡಿತ್ತು, ಆದ್ದರಿಂದ 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆಯ ಮೂಲಕ ಅದನ್ನು ತೆಗೆದದ್ದು ನ್ಯಾಯವಾದದ್ದೇ. ಆದರೆ ತೆಗೆಯುವಾಗ ಭೂಮಿಯನ್ನು ಹಿಂದಿನ ಹಿಡುವಳಿದಾರರಿಗೇ ಮರುಮಂಜೂರು ಮಾಡಲಾಯಿತು. ಹೀಗೆ ಕೆಲಸಕ್ಕೆಂದು ಮೀಸಲಾಗಿದ್ದ ನೆಲ ಮನೆತನಗಳ ಸ್ವತ್ತಾಗಿ, ಎಷ್ಟೋ ಕಡೆ ಮಾರಾಟವೂ ಆಗಿಹೋಯಿತು. ಇಲ್ಲಿ ಹುದ್ದೆ ವಂಶಕ್ಕೆ ಅಂಟಿಲ್ಲ, ನೆಲವೂ ಊರ ಕೈ ಬಿಟ್ಟಿಲ್ಲ.

ಈ ವ್ಯತ್ಯಾಸದ ಬೆಲೆ ತಿಳಿದದ್ದು ಹೆದ್ದಾರಿ ಬಂದಾಗ. ಸೋಲೊ ಮತ್ತು ಯೋಗ್ಯಕರ್ತಗಳ ನಡುವಿನ ಟೋಲ್ ರಸ್ತೆ ಕ್ಲಾತೆನ್ ಜಿಲ್ಲೆಯ ಒಳ್ಳೊಳ್ಳೆಯ ಗದ್ದೆಗಳ ನಡುವೆಯೇ ಹಾದಿದೆ, ಅದರ ಕರ್ತಸುರದಿಂದ ಕ್ಲಾತೆನ್‌ವರೆಗಿನ ಭಾಗ 2024ರಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೆ ಒಂದು ವರ್ಷ ಮುಂಚೆ, 2023ರ ಮಾರ್ಚಿನಲ್ಲಿ, ನಮ್ಮ ಮದ್ದೂರನ್ನು ಹಾದುಹೋಗುವ ಬೆಂಗಳೂರು–ಮೈಸೂರು ದಶಪಥದ ಉದ್ಘಾಟನೆಯಾಗಿತ್ತು. ಎರಡೂ ಕಡೆ ಗದ್ದೆ ಕೊಟ್ಟವರಿಗೆ ಪರಿಹಾರದ ಹಣ ಬಂದಿದೆ. ಎರಡೂ ಕಡೆ ಆ ಹಣದಲ್ಲಿ ಕಾರು ಕೊಂಡವರಿದ್ದಾರೆ, ಬೇರೆ ಕಡೆ ಗದ್ದೆ ಹುಡುಕಿಕೊಂಡ ಜಾಣರೂ ಇದ್ದಾರೆ. ಆದರೆ ಇಲ್ಲಿ ಹಳ್ಳಿಯ ಸಾಮೂಹಿಕ ಭೂಮಿ ರಸ್ತೆಗೆ ಹೋದರೆ ಅದರ ಬದಲಿಗೆ ಅಷ್ಟೇ ಬೆಲೆಯ ಭೂಮಿಯನ್ನೇ ಹಳ್ಳಿಗೆ ಕೊಡಿಸಬೇಕೆಂಬ ನಿಯಮವಿದೆ. ಹಣವಾಗಿ ಬಂದರೂ ಅದನ್ನು ಭೂಮಿ ಕೊಳ್ಳುವುದಕ್ಕೇ ಬಳಸಬೇಕು. ನಮ್ಮೂರ ಗೋಮಾಳ ಆಶ್ರಯ ನಿವೇಶನಕ್ಕೆ ಒಂದಿಷ್ಟು, ಒತ್ತುವರಿಗೆ ಒಂದಿಷ್ಟು ಎಂದು ಕರಗಿ ಇಂದು ಕೆರೆಯ ಹಿಂದಿನ ಒಂದು ಪಟ್ಟಿಯಷ್ಟು ಉಳಿದಿದೆ. ಕಳೆದುಹೋದ ಗೋಮಾಳಕ್ಕೆ ಬದಲಿ ನೆಲ ಬೇಕೆಂದು ಪಂಚಾಯಿತಿಯಲ್ಲಿ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ. ಕರ್ನಾಟಕದ ಪ್ರತಿ ಗ್ರಾಮ ಪಂಚಾಯಿತಿಗೂ ಈ ಒಂದು ನಿಯಮ ಸಿಕ್ಕಿದರೆ ಸಾಕು, ನಾನು ಈ ಮಾತುಗಳನ್ನು ಬರೆದದ್ದಕ್ಕೆ ಬೆಲೆ ಬಂತೆಂದುಕೊಳ್ಳುತ್ತೇನೆ.

ಜಾವಾದವರಲ್ಲಿ 'ಸದುಮುಕ್ ಬತುಕ್, ಸನ್ಯಾರಿ ಬುಮಿ' ಎಂಬ ಗಾದೆಯಿದೆ. ಹಣೆಯ ಮೇಲೆ ಬೆರಳು ಮುಟ್ಟಿಸಿದರೂ, ಒಂದು ಬೆರಳಗಲ ಭೂಮಿ ಕಸಿದರೂ ಪ್ರಾಣ ಪಣಕ್ಕಿಟ್ಟು ಎದುರಿಸುತ್ತೇವೆ ಎಂದರ್ಥ. ನಮ್ಮ ಹೆಣ್ಣು, ಹೊನ್ನು, ಮಣ್ಣಿನ ಮಾತೇ ಇದು. ಗಾದೆ ಹೀಗಿದ್ದರೂ ಪಾಲು ಹಂಚುವಾಗ ಇವರು ತೋರುವ ಶಾಂತಿಯನ್ನು ಕಂಡು ನಾನು ಬೆರಗಾಗಿದ್ದೇನೆ. ತಂದೆತಾಯಿ ಬದುಕಿರುವಾಗಲೇ ಮಕ್ಕಳನ್ನೆಲ್ಲ ಚಾಪೆಯ ಮೇಲೆ ಕೂರಿಸಿಕೊಂಡು ಭೂಮಿ ಹಂಚುವುದು ಇಲ್ಲಿ ಸಾಮಾನ್ಯ. ಗಂಡು ಅಡ್ಡೆ ಹೊರುವವನು, ಅವನಿಗೆ ಎರಡು ಹೊರೆ. ಹೆಣ್ಣು ಬೆನ್ನಿಗೆ ಕಟ್ಟಿಕೊಳ್ಳುವವಳು, ಅವಳಿಗೆ ಒಂದು ಎಂಬ ಹಳೆಯ ಅಳತೆಯಂತೆ ಕೆಲವರು ಹಂಚಿದರೆ, ನನ್ನ ಮಾವನಂಥ ಹಲವರು ಸಮನಾಗಿಯೇ ಕೊಡುತ್ತಾರೆ. ತಂದೆತಾಯಿಯ ಮನೆ ಹೆಚ್ಚಾಗಿ ಅವರನ್ನು ನೋಡಿಕೊಂಡ ಕೊನೆಯ ಮಗುವಿಗೆ ಹೋಗುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳ ಹಕ್ಕು 1994ರಲ್ಲಿ ರಾಜ್ಯದ ತಿದ್ದುಪಡಿಯಿಂದ ಬಂತು, 2005ರಲ್ಲಿ ಕೇಂದ್ರದ ತಿದ್ದುಪಡಿಯಿಂದ ಇನ್ನಷ್ಟು ಗಟ್ಟಿಯಾಯಿತು. ಆದರೂ ಅಪ್ಪ ತೀರಿಕೊಂಡ ಮೇಲೆ ನನ್ನ ತಂಗಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆವು. ಅವಳು ಅಂದು ಉಟ್ಟಿದ್ದದ್ದು ಅದಕ್ಕಾಗಿಯೇ ಅಣ್ಣ ತಂದುಕೊಟ್ಟ ಹಸಿರು ಸೀರೆ. ಹಿಂತಿರುಗುವಾಗ ಅವಳು ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ತಾಗದಂತೆ ದೂರ ಹಿಡಿದುಕೊಂಡು ಕೂತಿದ್ದದ್ದು ನನಗೆ ಇಂದಿಗೂ ಕಾಣುತ್ತದೆ.

ಇನ್ನು ನೆರೆಹೊರೆಯ ಮಾತು. ಮೂವತ್ತು ನಲವತ್ತು ಮನೆಗಳು ಸೇರಿ ಇಲ್ಲಿ ಒಂದು 'ರುಕುನ್ ತೆತಾಂಗ', ಅಂದರೆ ನೆರೆಹೊರೆಯ ಕೂಟ. ಜಪಾನೀಯರ ಆಕ್ರಮಣದ ಕಾಲದಲ್ಲಿ ಹುಟ್ಟಿದ ಏರ್ಪಾಟು ಇದು. ಅದರ ಮುಖಂಡ ನಮ್ಮ ಹಾಗೇ ಒಬ್ಬ ನೆರೆಯವನು, ಜನರೇ ಆರಿಸಿದವನು. ಮನೆಗೆ ಬಂದ ನೆಂಟರು ಇಪ್ಪತ್ನಾಲ್ಕು ಗಂಟೆಗಿಂತ ಹೆಚ್ಚು ಉಳಿದರೆ ಅವನಿಗೆ ತಿಳಿಸಬೇಕು ಎಂದು ಬೀದಿಯ ಬಾಯಲ್ಲೇ ಫಲಕ ಹಾಕಿರುತ್ತಾರೆ. ಅಣ್ಣ ಬಂದಿದ್ದಾಗ ಅವನ ಪಾಸ್‌ಪೋರ್ಟಿನ ಪ್ರತಿ ಹಿಡಿದು ನಾವಿಬ್ಬರೂ ಹೋದೆವು. ಅಣ್ಣನಿಗೆ ಇದು ಪೊಲೀಸು ಠಾಣೆಗೆ ಹೋದಂತೆ ಅನಿಸಿ ಮುಜುಗರವಾಗಿತ್ತು. ಮುಖಂಡರು ಪ್ರತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಮೊಂಗ್ಗೊ ಪಾಕ್, ಪಿನಾರಕ್" ಎಂದು ಜಗಲಿಯಲ್ಲಿ ಕೂರಿಸಿ ಸಿಹಿ ಚಹಾ ಕೊಟ್ಟರು. ಮರುದಿನ ಬೆಳಿಗ್ಗೆ ಅಣ್ಣ ಗದ್ದೆಯ ಕಡೆ ನಡೆದಾಗ ಎದುರಾದವರೆಲ್ಲ ಅವನಿಗೆ ತಲೆಬಾಗಿ ನಕ್ಕರು. ಊರಿಗೆಲ್ಲ ಅವನು ಯಾರೆಂಬುದು ಆಗಲೇ ತಿಳಿದಿತ್ತು.

ವಾರಕ್ಕೊಂದು ರಾತ್ರಿ ನನ್ನ ಪಾಳಿಯ ಗಸ್ತು ಇರುತ್ತದೆ, ಅದಕ್ಕೆ ರೊಂಡ ಎನ್ನುತ್ತಾರೆ. ಪ್ರತಿ ಮನೆಯ ಬಾಗಿಲ ಪಕ್ಕದ ಮೊಳೆಗೆ ಒಂದು ಪುಟ್ಟ ಪ್ಲಾಸ್ಟಿಕ್ ಲೋಟ ತೂಗುಹಾಕಿರುತ್ತಾರೆ. ಅದರೊಳಗೆ 500 ರುಪಿಯಾದ ಒಂದು ನಾಣ್ಯ, ಅಂದರೆ ನಮ್ಮ ಮೂರು ರೂಪಾಯಿಯಷ್ಟು. ಹಿಂದೆ ಮೂರು ಬೆರಳಿನ ಚಿಟಿಕೆಯಷ್ಟು ಅಕ್ಕಿ ಹಾಕುತ್ತಿದ್ದರು; ಚಿಟಿಕೆ ಎಂಬ ಮಾತಿನಿಂದಲೇ ಅದಕ್ಕೆ ಜಿಂಪಿತಾನ್ ಎಂಬ ಹೆಸರು. ಟಾರ್ಚು ಹಿಡಿದು ಮನೆಮನೆಗೂ ಹೋಗಿ ಲೋಟಗಳನ್ನು ಡಬ್ಬಿಗೆ ಬೋರಲು ಹಾಕುವುದು, ಕಾವಲು ಕಟ್ಟೆಗೆ ಬಂದು ಎಣಿಸಿ ಪುಸ್ತಕದಲ್ಲಿ ಬರೆಯುವುದು ನಮ್ಮ ಕೆಲಸ. ಬೀದಿದೀಪ, ಮದುವೆಗೆ ಬೇಕಾದ ಕುರ್ಚಿ ಮತ್ತು ಟಾರ್ಪಾಲು, ಸತ್ತವರ ಮನೆಗೆ ಮೊದಲ ದಿನದ ಖರ್ಚು, ಎಲ್ಲವೂ ಆ ನಾಣ್ಯಗಳಿಂದಲೇ ಬರುತ್ತದೆ. ಒಂದು ಮನೆಯ ಲೋಟ ಎರಡು ವಾರ ಖಾಲಿಯಿದ್ದರೆ ಹಣ ಕೇಳಲು ಯಾರೂ ಹೋಗುವುದಿಲ್ಲ, ಆ ಮನೆಯಲ್ಲಿ ಏನಾಗಿದೆ ಎಂದು ನೋಡಲು ಹೋಗುತ್ತಾರೆ. ಒಂಟಿಯಾಗಿದ್ದ ಮುದುಕಿಯೊಬ್ಬರು ಜ್ವರದಿಂದ ಮಲಗಿದ್ದದ್ದು ನಮಗೆ ತಿಳಿದದ್ದೇ ಹಾಗೆ.

2006ರ ಮೇ 27ರ ಭೂಕಂಪದಲ್ಲಿ ಯೋಗ್ಯಕರ್ತ ಮತ್ತು ಕ್ಲಾತೆನ್ ಸೀಮೆಯಲ್ಲಿ 5,700ಕ್ಕೂ ಹೆಚ್ಚು ಜನ ಸತ್ತರು. ನನ್ನ ಮಾವನ ಮನೆಯೂ ಆಗಲೇ ಬಿದ್ದದ್ದು. ಅದನ್ನು ಎತ್ತಿ ನಿಲ್ಲಿಸಿದವರು ಕೂಲಿ ತೆಗೆದುಕೊಳ್ಳದ ನೆರೆಯವರು. ಇಂದು ಈ ಮನೆ, ನಾಳೆ ಆ ಮನೆ ಎಂದು ಸರದಿಯಲ್ಲಿ ಕಟ್ಟಿದರಂತೆ. ನಮ್ಮಲ್ಲಿ ನಾಟಿಗೂ ಕಟಾವಿಗೂ ಇದ್ದ ಮುಯ್ಯಾಳು ಇದೇ ತಾನೆ? ನನ್ನ ಅವ್ವ ಮುಯ್ಯಾಳಿಗೆ ಹೋಗುತ್ತಿದ್ದಳು; ಈಗ ಆ ಪದವನ್ನು ಅಣ್ಣನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿದೆ.

ಇಲ್ಲಿ ಎಲ್ಲವೂ ಚೆನ್ನವೆಂದರೆ ಸುಳ್ಳಾಗುತ್ತದೆ. ಮದುವೆಯ ತಿಂಗಳುಗಳಲ್ಲಿ ಒಂದೇ ವಾರದಲ್ಲಿ ನಾಲ್ಕೈದು ಮನೆಗೆ ಮುಯ್ಯಿ ಹಾಕಬೇಕಾಗಿ ಬಂದು, ಅರ್ಧ ಹೆಕ್ಟೇರಿಗೂ ಕಡಿಮೆ ಗದ್ದೆಯಿರುವ ಕುಟುಂಬಗಳು ಸಾಲ ಮಾಡುವುದನ್ನು ಕಂಡಿದ್ದೇನೆ. ಸಂಚಾರದ ವಿಷಯದಲ್ಲಂತೂ ನಮ್ಮ ನಾಡೇ ಮೇಲು. ಯೋಗ್ಯಕರ್ತ–ಸೋಲೊ ವಿದ್ಯುತ್ ರೈಲು 2021ರಿಂದ ಓಡುತ್ತಿದೆ, ಎಲ್ಲಿ ಹತ್ತಿ ಎಲ್ಲಿಳಿದರೂ 8,000 ರುಪಿಯಾ, ನಮ್ಮ ಐವತ್ತು ರೂಪಾಯಿಯೊಳಗೆ. ಆದರೆ ಮನೆಯಿಂದ ಆ ರೈಲು ನಿಲ್ದಾಣದವರೆಗಿನ ಆರು ಕಿಲೋಮೀಟರಿಗೆ ಒಂದು ಬಸ್ಸೂ ಇಲ್ಲ. ಒಂದು ಕಾಲದಲ್ಲಿ ಓಡುತ್ತಿದ್ದ ಹಳ್ಳಿಯ ವ್ಯಾನುಗಳು, ಪ್ರತಿ ಮನೆಗೂ ಕಂತಿನ ಮೇಲೆ ಬೈಕು ಬಂದ ಮೇಲೆ ನಿಂತುಹೋದವು. ಗೂಡಂಗಡಿಯಲ್ಲಿ ಬಾಟಲಿಗಳಲ್ಲಿ ತುಂಬಿಟ್ಟ ಪೆಟ್ರೋಲು ಹಾಕಿಸಿಕೊಂಡು ಹುಡುಗಿಯರೂ ಅಜ್ಜಂದಿರೂ ಬೈಕಿನಲ್ಲೇ ಓಡಾಡುತ್ತಾರೆ. ಬೈಕು ಓಡಿಸಲಾರದ ವಯಸ್ಸಿನ ಹೆಂಗಸು ಮಾತ್ರ ಯಾರಾದರೂ ಕರೆದೊಯ್ಯುವವರೆಗೆ ಜಗಲಿಯಲ್ಲಿ ಕಾಯಬೇಕು. ನಮ್ಮೂರಿಗೆ ದಿನಕ್ಕೆ ಐದು ಸಲ ಸರ್ಕಾರಿ ಬಸ್ಸು ಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ತಂಗಿ ಟಿಕೆಟ್ಟಿಗೆ ಯಾರನ್ನೂ ಕೇಳದೆ ಮಂಡ್ಯದ ಆಸ್ಪತ್ರೆಗೆ ಹೋಗಿಬರುತ್ತಾಳೆ. ಇದನ್ನು ನನ್ನ ಅತ್ತೆಗೆ ಹೇಳಿದಾಗ ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಪರನಾಡಿನಲ್ಲಿ ನೆಲದ ಹಕ್ಕಿಲ್ಲದೆ ಇಷ್ಟು ವರ್ಷ ನೆಮ್ಮದಿಯಿಂದ ಬಾಳಿದವನಿಗೆ, ತಾನು ಉಳದ ಗದ್ದೆಯ ಪಹಣಿಯಲ್ಲಿ ಹೆಸರು ಉಳಿಸಿಕೊಳ್ಳುವುದಕ್ಕೆ ಕಾರಣ ಉಳಿದಿಲ್ಲ. ತಂಗಿ ಇರುವುದು ಆ ಗದ್ದೆಯಿಂದ ಮೂರು ಮೈಲಿ ದೂರದಲ್ಲಿ, ನಾಟಿಯ ಕಾಲದಲ್ಲಿ ಅಣ್ಣನ ಜೊತೆ ಕೆಸರಿಗಿಳಿಯುವವಳೂ ಅವಳೇ. ನನ್ನ ಪಾಲಿನ ಒಂದು ಎಕರೆ ಐದು ಗುಂಟೆಯನ್ನು ದಾನಪತ್ರದ ಮೂಲಕ ಅವಳ ಹೆಸರಿಗೆ ಮಾಡಿಸುವುದೆಂದು ಅಣ್ಣನೊಡನೆ ಮಾತಾಡಿದ್ದೇನೆ. ಮೊದಲು ಸುಮ್ಮನಿದ್ದವನು ಮೂರನೆಯ ದಿನ ತಾನಾಗಿ ಫೋನು ಮಾಡಿ, "ಯುಗಾದಿಗೆ ಬಂದ್ಬುಡು, ಹಬ್ಬ ಮುಗುಸ್ಕಂಡು ಕಚೇರಿಗೆ ಹೋಗುವಾ, ಅವ್ಳ್ಗೂ ಹೇಳಿವ್ನಿ" ಎಂದ. ವಿಮಾನದ ಟಿಕೆಟ್ಟು ಕೊಂಡಿದ್ದೇನೆ, ಆ ವಾರದ ನನ್ನ ಪಾಳಿಯ ಗಸ್ತನ್ನು ಎದುರು ಮನೆಯವರು ನೋಡಿಕೊಳ್ಳುತ್ತಾರೆ.