ಜೋಡಿನಳಿಗೆಯ ಚಿಕಿತ್ಸೆಗಳು

ಮಲೆನಾಡಿನ ಹಳೆಯ ಮನೆಗಳಲ್ಲಿ ಕೋವಿ ಬಳಸಿ ಬಳಸಿ ಸವೆದುಹೋದದ್ದನ್ನು ನಾನು ಕಂಡಿಲ್ಲ. ಹಾಳಾದವೆಲ್ಲ ರಿಪೇರಿಯಿಂದಲೇ ಹಾಳಾದವು. ಅಡಿಕೆಗೆ ಔಷಧಿ ಹೊಡೆಯುವ ಸ್ಪ್ರೇಯರನ್ನು ಬಿಚ್ಚಿ, ವಾಷರು ಬದಲಿಸಿ, ಒಂದೆರಡು ಬೋಲ್ಟು ಉಳಿಸಿಕೊಂಡಾದರೂ ಮತ್ತೆ ಜೋಡಿಸಬಲ್ಲವನು ಲೋಕದ ಯಾವ ಯಂತ್ರವನ್ನೂ ಸರಿಪಡಿಸಬಲ್ಲನೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳುವವರಿಗೆ ಮಾತ್ರವಲ್ಲ, ಅದನ್ನು ರಿಪೇರಿ ಮಾಡುವ ಅಂಗಡಿಗೂ ಪರವಾನಗಿ ಬೇಕು. ಅಂಥ ಅಂಗಡಿ ಇರುವುದು ದೂರದ ಪೇಟೆಯಲ್ಲಿ, ಅಲ್ಲಿಗೆ ಹೋಗಬೇಕಾದರೆ ಕಾಗದಪತ್ರ, ಬಸ್ಸು ಚಾರ್ಜು, ಒಂದು ದಿನದ ಕೆಲಸ ಎಲ್ಲವೂ ದಂಡ. ಆದ್ದರಿಂದ ನಮ್ಮ ಚಿಕ್ಕಪ್ಪನವರು "ಇದಕ್ಕೆಂಥ ದೊಡ್ಡ ವಿದ್ಯೆ ಬೇಕು ಮಾರಾಯ" ಎಂದು ಸ್ಕ್ರೂಡ್ರೈವರು ಹಿಡಿದು ಜಗಲಿಯಲ್ಲಿ ಕುಳಿತುಬಿಡುತ್ತಿದ್ದರು.

ನಮ್ಮ ಮನೆಯದು ಅಜ್ಜನ ಕಾಲದ ಹನ್ನೆರಡು ಬೋರಿನ ಜೋಡಿನಳಿಗೆ ತೋಟೆಕೋವಿ. ಒಂದು ಪೌಂಡು ಸೀಸದಿಂದ ಹನ್ನೆರಡು ಸಮನಾದ ಉಂಡೆ ಎರೆದರೆ ಒಂದೊಂದು ಉಂಡೆ ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ ಎಂಬ ಲೆಕ್ಕದಿಂದ ಬಂದದ್ದು ಈ ಹನ್ನೆರಡು. ಎಡ ನಳಿಗೆಯ ಕೆಳಗೆ, ಇದು ಚರೆಗೆ, ಎಂದರೆ ಸೀಸದ ಸಣ್ಣ ಕಾಳುಗಳಿಗೆ ಮಾತ್ರ, ಒಂಟಿ ಗುಂಡಿಗಲ್ಲ ಎಂಬರ್ಥದ ಇಂಗ್ಲಿಷ್ ಅಚ್ಚು ಇದೆ. ಇಂಗ್ಲೆಂಡಿನ ಕೋವಿ ಪರೀಕ್ಷಾಗೃಹಗಳು ಬಾಯಿ ಕಿರಿದಾದ ನಳಿಗೆಗಳಿಗೆ ಈ ಅಚ್ಚು ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ ಮಾತ್ರ. ಹೀಗಾಗಿ ನಮ್ಮ ಮನೆಯಲ್ಲಿ ವಯಸ್ಸಿನ ಬಗ್ಗೆ ದಾಖಲೆಯಿರುವ ಹಿರಿಯರೆಂದರೆ ಅದೊಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿಯ ಮಾತು ಮುಗಿಯಿತು. ಅಂದಿನಿಂದ ಅದರ ಉದ್ಯೋಗ ಬಾಳೆಗೊನೆಗೆ ಬರುವ ಮಂಗಗಳಿಗೆ ಶಬ್ದ ಕೇಳಿಸುವುದು ಮತ್ತು ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವುದು. ಎರಡನೆಯ ಉದ್ಯೋಗವೇ ಅದಕ್ಕೆ ಹೆಚ್ಚು ಅಪಾಯಕಾರಿಯಾಯಿತು. ಅರಿಸಿನ ಕುಂಕುಮ ಕಲಸಿ ಒದ್ದೆ ಬೆರಳಿನಲ್ಲಿ ಇಟ್ಟ ಬೊಟ್ಟುಗಳನ್ನು ಒರೆಸಿದರೆ ಪುಣ್ಯ ಹೋಗುತ್ತದೆಂದು ಯಾರೂ ಒರೆಸದೆ, ನಳಿಗೆಯ ಮೇಲೆ ಮೂರು ಮೂರು ಚುಕ್ಕೆಗಳ ಸಾಲಿನಲ್ಲಿ ತುಕ್ಕು ಹಿಡಿದಿತ್ತು.

ಅನರ್ಥ ಆರಂಭವಾದದ್ದು ಬಲಗಡೆಯ ಕುದುರೆಯ, ಎಂದರೆ ಟ್ರಿಗರ್ ಎಳೆದಾಗ ತೋಟೆಗೆ ಏಟು ಕೊಡುವ ಸುತ್ತಿಗೆಯಂಥ ಭಾಗದ, ಸ್ಪ್ರಿಂಗು ಮುರಿದಾಗ. ಅದು ಮಡಚಿದ ಪಟ್ಟಿಯಂಥ ಉಕ್ಕಿನ ತುಂಡು. ಎಷ್ಟು ಕಾಯಿಸಬೇಕು, ಎಷ್ಟು ತಣಿಸಬೇಕು ಎಂಬುದರಲ್ಲೇ ಅದರ ಜೀವ ಇರುವುದು. ಚಿಕ್ಕಪ್ಪನವರು ನಿಂತುಹೋಗಿದ್ದ ಗೋಡೆ ಗಡಿಯಾರದ ಸ್ಪ್ರಿಂಗಿನಿಂದ ಒಂದು ತುಂಡು ಕತ್ತರಿಸಿ ಕೂರಿಸಿದರು. ಮರುದಿನ ಬೆಳಿಗ್ಗೆ ಮಂಗಗಳು ಬಂದವು. ಚಿಕ್ಕಪ್ಪನವರು ತೋಟೆ ತುಂಬಿ, ಆಕಾಶಕ್ಕೆ ಗುರಿಯಿಟ್ಟು ಟ್ರಿಗರ್ ಎಳೆದರೆ ಕುದುರೆ ಬಹಳ ಸಾವಕಾಶವಾಗಿ, ಯಾರಿಗೂ ನೋವಾಗದಂತೆ ಬಂದು ತೋಟೆಯ ಬುಡವನ್ನು ಮುಟ್ಟಿ ನಿಂತಿತು. ಬೈದುಕೊಳ್ಳುತ್ತ ಕೋವಿಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು ತೋಟೆ ಹೊರತೆಗೆದು ನೋಡಿದರೆ ಬಲ ನಳಿಗೆಯಲ್ಲಿ ಬೆಳಕೇ ಕಾಣಿಸಲಿಲ್ಲ. ಕುಂಬಾರ ಹುಳವೊಂದು ಮಣ್ಣು ತಂದು ನಳಿಗೆಯ ನಡುವೆ ಚೊಕ್ಕವಾಗಿ ಮನೆ ಕಟ್ಟಿತ್ತು. ಹೀಗೆ ಅಡ್ಡವಿದ್ದಾಗ ಹೊಡೆದರೆ ನಳಿಗೆ ಉಬ್ಬುವುದು ಅಥವಾ ಸೀಳುವುದು ಖಂಡಿತ, ಕೆಳಗೆ ಹಿಡಿದಿರುವ ಎಡಗೈಯ ಗತಿಯನ್ನು ಹೇಳಬೇಕಾಗಿಲ್ಲ. ಗಡಿಯಾರದ ಸ್ಪ್ರಿಂಗು ಅವರ ಬೆರಳುಗಳನ್ನು ಉಳಿಸಿತ್ತು. ಕೃತಜ್ಞತೆ ತೋರಿಸುವ ಬದಲು ಅವರು ಇನ್ನೊಂದು ತುಂಡನ್ನು ಸೇರಿಸಿ ಸ್ಪ್ರಿಂಗನ್ನು ಜೋಡಿ ಮಾಡಿದರು.

ಈಗ ಕುದುರೆಯನ್ನು ಎಳೆದು ನಿಲ್ಲಿಸುವುದಕ್ಕೇ ಇಬ್ಬರು ಬೇಕಾಯಿತು. ಚಿಕ್ಕಪ್ಪನವರು ಕೋವಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಹೆಬ್ಬೆರಳುಗಳಿಂದ ಎಳೆಯುತ್ತಿದ್ದಾಗ ಅದು ಜಾರಿ, ಅಂಗಳದ ಜಂಬಿಟ್ಟಿಗೆ ಮೆಟ್ಟಿಲಿನ ಮೇಲೆ ಬಿತ್ತು. ಹಳೆಯ ಕೋವಿಗಳ ಮರ ಮುರಿಯುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಕೈ ಹಿಡಿಯುವ ಸಣ್ಣ ಕುತ್ತಿಗೆಯಲ್ಲಿ. ನಮ್ಮದೂ ಆ ಪದ್ಧತಿಯನ್ನು ಮೀರಲಿಲ್ಲ. ಬಿರುಕಿಗೆ ಬಡಗಿಯ ಅಂಟು ತುಂಬಿ, ಬೇಲಿಗೆ ತಂದಿದ್ದ ತಂತಿಯಲ್ಲಿ ಸುತ್ತಿ, ತುದಿಗಳನ್ನು ಇಕ್ಕುಳದಿಂದ ತಿರುಚಿದ್ದಾಯಿತು. ನಡುವೆ ಒಮ್ಮೆ ಮಂಚ ಮಾಡುವ ಆಚಾರಿಯೊಬ್ಬರಿಂದ ಹಲಸಿನ ಮರದ ಹೊಸ ಹಿಡಿಯನ್ನೂ ಮಾಡಿಸಿದರು. ಕೆಲಸವೇನೋ ಅಂದವಾಗಿಯೇ ಇತ್ತು, ಆದರೆ ಆಚಾರಿ ಹಳೆಯದರ ಬಾಗನ್ನು ಮರದ ದೋಷವೆಂದು ತಿಳಿದು ಅದನ್ನು ತಿದ್ದಿ ನೆಟ್ಟಗೆ ಮಾಡಿದ್ದರು. ಆ ಬಾಗು ಇರುವುದೇ ಕೆನ್ನೆಯಿಟ್ಟಾಗ ಕಣ್ಣು ನಳಿಗೆಯ ಸಾಲಿಗೆ ಬರಲೆಂದು; ಅದಿಲ್ಲದಿದ್ದರೆ ಕಣ್ಣು ಮೇಲೇ ಉಳಿದು ಏಟೂ ಮೇಲಕ್ಕೇ ಹೋಗುತ್ತದೆ. ಆಕಾಶಕ್ಕೇ ಹೊಡೆಯುವ ನಮಗೆ ಅದರಿಂದ ನಷ್ಟವೇನೂ ಇರಲಿಲ್ಲ, ಆದರೂ ಮಾನದ ಪ್ರಶ್ನೆಯೆಂದು ಚಿಕ್ಕಪ್ಪನವರು ತಂತಿ ಸುತ್ತಿದ ಹಳೆಯ ಮರಕ್ಕೇ ಮರಳಿದರು.

ಬಿದ್ದದ್ದರಿಂದ ಇನ್ನೊಂದು ಹಾನಿಯೂ ಆಗಿತ್ತು. ಎರಡು ನಳಿಗೆಗಳ ನಡುವಿನ ಉದ್ದನೆಯ ಪಟ್ಟಿ ಬರೀ ತವರದ ಬೆಸುಗೆಯಿಂದ ನಿಂತಿರುತ್ತದೆ. ಅದು ಗಟ್ಟಿಯಾಗಿದೆಯೇ ಎಂದು ನೋಡುವ ಕ್ರಮವನ್ನು ಅಜ್ಜ ತೋರಿಸಿಕೊಟ್ಟಿದ್ದರು: ನಳಿಗೆಗಳನ್ನು ಬಿಚ್ಚಿ ಹುರಿಯಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿದರೆ ದೇವಸ್ಥಾನದ ಗಂಟೆಯಂತೆ ನಾದ ಹೊರಡಬೇಕು. ನಮ್ಮದು ಈಗ ಜಿರ್ರೆಂದಿತು. ಪಾತ್ರೆಗೆ ಕಲಾಯಿ ಹಾಕಲು ಊರಿಗೆ ಬಂದವರ ಮುಂದೆ ಚಿಕ್ಕಮ್ಮ ಹಿತ್ತಾಳೆಯ ಚರಿಗೆಗಳನ್ನು ಇಟ್ಟರೆ, ಚಿಕ್ಕಪ್ಪನವರು ಅವುಗಳ ಪಕ್ಕದಲ್ಲಿ ಬರೀ ನಳಿಗೆಯನ್ನು ಇಟ್ಟರು. ಕಲಾಯಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಒಳಗೂ ಹಾಕಬೇಕಾ ಅಣ್ಣ?" ಎಂದು ಕೇಳಿದರು. ಪಟ್ಟಿಯೇನೋ ಕೂತಿತು, ಆದರೆ ಇದ್ದಿಲಿನ ಕಾವಿಗೆ ನಳಿಗೆಯ ಕಪ್ಪು ಬಣ್ಣ ಅಲ್ಲಲ್ಲಿ ಎದ್ದುಹೋಯಿತು.

ಆ ಬಣ್ಣವನ್ನು ಮರಳಿ ತರಿಸುವುದು ತಾಳ್ಮೆಯ ಕೆಲಸ. ಹಳೆಯ ಕಮ್ಮಾರರು ನಳಿಗೆಗೆ ಬೇಕೆಂದೇ ತೆಳ್ಳಗೆ ತುಕ್ಕು ಹಿಡಿಸಿ, ಕುದಿನೀರಿನಲ್ಲಿ ಬೇಯಿಸಿ, ಉಜ್ಜಿ, ಮತ್ತೆ ತುಕ್ಕು ಹಿಡಿಸಿ ದಿನಗಟ್ಟಲೆ ಪಳಗಿಸುತ್ತಿದ್ದರು. ತುಕ್ಕನ್ನು ತಡೆಯುವ ಆ ನೀಲಿಗಪ್ಪು ಕೂಡ ತುಕ್ಕಿನ ಇನ್ನೊಂದು ರೂಪವೇ. ಚಿಕ್ಕಪ್ಪನವರಿಗೆ ನೀಲಿ ಎಂಬುದೊಂದು ಮಾತ್ರ ತಲೆಯಲ್ಲಿ ಉಳಿದಿತ್ತು, ಅಟ್ಟದ ಮೇಲೆ ಕೊಳೆರೋಗದ ಔಷಧಿಗೆ ತಂದ ಮೈಲುತುತ್ತ ಬೇಕಾದಷ್ಟು ನೀಲಿಯಾಗಿತ್ತು. ಅದನ್ನು ನೀರಿನಲ್ಲಿ ಕರಗಿಸಿ, ನಳಿಗೆಯನ್ನು ಮರಳುಕಾಗದದಿಂದ ಬೆಳ್ಳಗೆ ಉಜ್ಜಿ, ಬಟ್ಟೆಯಿಂದ ಬಳಿದರು. ಪ್ರತಿ ಮಳೆಗಾಲದಲ್ಲಿ, ತಾಮ್ರದ ಉಪ್ಪಾದ ಆ ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ನೋಡಲು ಅದರಲ್ಲಿ ಕತ್ತಿ ಅದ್ದುವವರು, ಕತ್ತಿ ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆಯೆಂದು ಸುಣ್ಣ ಸೇರಿಸುವವರು ಅವರೇ. ಕತ್ತಿಯೂ ಉಕ್ಕು, ನಳಿಗೆಯೂ ಉಕ್ಕು ಎಂಬುದು ಆ ದಿನ ಅವರಿಗೆ ಹೊಳೆಯಲಿಲ್ಲ. ನಾನು ನೋಡುನೋಡುತ್ತಿದ್ದಂತೆ ವಿಕ್ಟೋರಿಯಾ ರಾಣಿಯ ಕಾಲದ ಜೋಡಿನಳಿಗೆ ಬುಡದಿಂದ ತುದಿಯವರೆಗೆ ತಾಮ್ರದ ಬಣ್ಣಕ್ಕೆ ತಿರುಗಿತು. ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ಹುಣಸೆಹಣ್ಣು ಕೊಡಲಾ, ತಿಕ್ಕಲಿಕ್ಕೆ?" ಎಂದಷ್ಟೇ ಕೇಳಿದರು.

ಕೊಡಗಿನಲ್ಲಿ ಇಂಥದ್ದು ನಡೆಯಲಾರದೆಂದು ನನಗೆ ತೋರುತ್ತದೆ. ಕೊಡವರಿಗೂ ಪರಂಪರೆಯಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿಯಿದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯೂ ನಡೆಯುತ್ತದೆ. ಊರಿನ ಎದುರು ತೆಂಗಿನಕಾಯಿಗೆ ಹೊಡೆಯಬೇಕಾದ ಕೋವಿಗೆ ಗಡಿಯಾರದ ಸ್ಪ್ರಿಂಗು ಹಾಕುವ ಧೈರ್ಯ ಯಾರಿಗಿದ್ದೀತು? ನಮ್ಮಲ್ಲಿ ಕೋವಿಗಳೆಲ್ಲ ಒಂದೆಡೆ ಸೇರುವುದು ಚುನಾವಣೆ ಬಂದಾಗ, ಠಾಣೆಯಲ್ಲಿ ಠೇವಣಿ ಇಡುವ ದಿನ ಮಾತ್ರ.

2023ರ ವಿಧಾನಸಭಾ ಚುನಾವಣೆಗೆ ನಾನೂ ಚಿಕ್ಕಪ್ಪನವರ ಜೊತೆಗೆ ಹೋಗಿದ್ದೆ. ಗೋಡೆಗೆ ಒರಗಿಸಿದ್ದ ಸಾಲನ್ನು ನೋಡಿದಮೇಲೆ ನಮ್ಮ ಮನೆತನದ ಬಗ್ಗೆ ನನಗಿದ್ದ ಸಂಕೋಚ ಅರ್ಧ ಇಳಿಯಿತು. ಒಂದಕ್ಕೆ ಸೈಕಲ್ ಟ್ಯೂಬು ಬಿಗಿದಿತ್ತು, ಒಂದರ ಹಿಡಿಗೆ ಬಾಗಿಲಿನ ತಿರುಗಣಿ ಹೊಡೆದಿತ್ತು, ಇನ್ನೊಂದರ ತುದಿಯಲ್ಲಿ ಗುರಿ ನೋಡುವ ಮಣಿಯ ಜಾಗದಲ್ಲಿ ಯಾರದೋ ಬೆಂಡೋಲೆಯ ತಿರುಪು ಕುಳಿತಿತ್ತು. ಪೇದೆಯವರು ಪರವಾನಗಿ ಪುಸ್ತಕವನ್ನೂ ನಮ್ಮ ತಾಮ್ರದ ಕೋವಿಯನ್ನೂ ಹಲವು ಸಲ ನೋಡಿ, "ನಂಬರು ಸರಿಯಿದೆ" ಎಂದರು, ಬೇರೇನನ್ನೂ ಸರಿಯೆನ್ನಲಿಲ್ಲ. ಚೀಟಿ ಕಟ್ಟಹೋದಾಗ ತಂತಿಯ ತುದಿ ಬೆರಳಿಗೆ ಚುಚ್ಚಿತೆಂದು ಸಿಟ್ಟಾಗಿ ಅದನ್ನು ಇಕ್ಕುಳದಿಂದ ಕಿತ್ತೆಸೆದು, ಅದೇ ಜಾಗಕ್ಕೆ ಕಚೇರಿಯ ಸಣಬಿನ ಹುರಿಯನ್ನು ಬಿಗಿಯಾಗಿ ಸುತ್ತಿ, ಮೇಲೆ ಕೆಂಪು ಅರಗು ಕರಗಿಸಿ ಸುರಿದು ಮುದ್ರೆ ಒತ್ತಿದರು. ಕಾದ ಅರಗು ಬಿರುಕಿನೊಳಗೆ ಇಳಿದು ಗಟ್ಟಿಯಾಯಿತು.

ಚುನಾವಣೆ ಮುಗಿದು ಕೋವಿ ಮನೆಗೆ ಬಂದಿದೆ, ಕುತ್ತಿಗೆ ಒಂದಿಷ್ಟೂ ಅಲುಗಾಡುವುದಿಲ್ಲ. ಚೀಟಿಯನ್ನಾದರೂ ಕತ್ತರಿಸಿ ತೆಗೆಯೋಣವೆಂದರೆ ಚಿಕ್ಕಪ್ಪನವರು ಒಪ್ಪುವುದಿಲ್ಲ. ಸರ್ಕಾರದ ಮುದ್ರೆ ಇರುವ ಕಡೆ ಕೈ ಹಾಕುವುದು ಅಪರಾಧವಂತೆ.